ವೈರಿಂಗ್ ಮಾಡುವ ಕೈಗೂ ಒಂದು ಕಾಗದ ಬೇಕು

(ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ನನಗೆ ಫೋನ್ ಮಾಡಿ, "ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಗ್ರಾಮೀಣ ಮಕ್ಕಳಿಗಿರುವ ಅವಕಾಶಗಳು" ಎಂಬ ವಿಷಯದ ಮೇಲೆ ಮಾತಾಡಬೇಕು ಎಂದರು. ಒಪ್ಪಿಕೊಂಡೆ. ಆಮೇಲೆ ಒಂದು ದಿನ ಮನೆಯಲ್ಲಿ ನಮ್ಮ 2004ನೇ ಸಾಲಿನ ಎಸ್ಸೆಸ್ಸೆಲ್ಸಿ ಗ್ರೂಪ್ ಫೋಟೋ ತೆಗೆದು ನೋಡುತ್ತಾ ಕೂತೆ. ಫೋಟೋದಲ್ಲಿ 38 ಜನ ಇದ್ದೇವೆ. ಒಬ್ಬೊಬ್ಬರ ಮುಖ ನೋಡಿ ಈಗ ಎಲ್ಲಿದ್ದಾರೆ ಅಂತ ಲೆಕ್ಕ ಹಾಕಿದೆ. ಬಿಇ ಮಾಡಿದವರು ನಾನೂ ಸೇರಿ ಇಬ್ಬರು. ಮೇಷ್ಟ್ರಾದವರು ಮೂವರು. ಪೊಲೀಸ್ ಒಬ್ಬ. ಬೇಸಾಯದಲ್ಲಿ ಹಲವರು. ಆದರೆ ಒಂಬತ್ತು ಜನ ಕಟ್ಟಡದ ಕೆಲಸದಲ್ಲಿದ್ದಾರೆ. ಗಾರೆ, ಕಂಬಿ, ಟೈಲ್ಸ್, ಪೇಂಟಿಂಗ್, ಪ್ಲಂಬಿಂಗ್, ವೈರಿಂಗ್. ಒಂಬತ್ತು ಜನಕ್ಕೆ ಬೇಕಾದ ಮಾತನ್ನು ಬಿಟ್ಟು ಇಬ್ಬರಿಗೆ ಬೇಕಾದ ಮಾತನ್ನು ಯಾಕೆ ಆಡಬೇಕು ಅನ್ನಿಸಿತು. ಹಾಗಾಗಿ ಸಮಿತಿಯವರ ಕ್ಷಮೆ ಕೇಳಿ ವಿಷಯ ಬದಲಾಯಿಸಿಕೊಂಡಿದ್ದೇನೆ. ಇವತ್ತು ನಾನು ಮಾತಾಡುವುದು ಮನೆ ಕಟ್ಟುವಾಗ ವೈರಿಂಗ್ ಮಾಡುವ ಎಲೆಕ್ಟ್ರಿಷಿಯನ್ನನ ಬಗ್ಗೆ. ಅವನು ಕೆಲಸ ಕಲಿಯುವುದು ಹೇಗೆ, ಅವನಿಗೆ ಯಾವ ಪ್ರಮಾಣಪತ್ರ ಬೇಕು, ಅದು ಇಲ್ಲದಿದ್ದರೆ ಏನಾಗುತ್ತದೆ ಎಂಬುದರ ಬಗ್ಗೆ.

ನನ್ನ ಬೆಂಚಿನಲ್ಲೇ ಕೂರುತ್ತಿದ್ದ ಒಬ್ಬ ಗೆಳೆಯನ ಕಥೆಯಿಂದ ಶುರು ಮಾಡುತ್ತೇನೆ. "ಹೇಳು, ಆದ್ರೆ ಹೆಸರು ಹೇಳ್ಬೇಡ" ಅಂದಿದ್ದಾನೆ. ಇಲ್ಲೇ ಹಿಂದೆ ಎಲ್ಲೋ ನಿಂತಿದ್ದಾನೆ.

ಹತ್ತನೇ ತರಗತಿಯಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಒಂದು ಹಲಗೆಯ ಮೇಲೆ ಮೂರು ಬಲ್ಬ್ ಹೋಲ್ಡರ್ ಕೂರಿಸಿ ಸರಣಿ ಜೋಡಣೆ, ಸಮಾಂತರ ಜೋಡಣೆ ತೋರಿಸುತ್ತಿದ್ದರು. ನಾನು ಪುಸ್ತಕದಲ್ಲಿನ ಚಿತ್ರ ಬಾಯಿಪಾಠ ಮಾಡಿ ಹತ್ತಕ್ಕೆ ಹತ್ತು ತೆಗೆದೆ. ಆದರೆ ಬಲ್ಬ್ ಹತ್ತದೇ ಹೋದಾಗ ತಪ್ಪು ಎಲ್ಲಿದೆ ಅಂತ ಹುಡುಕುತ್ತಿದ್ದವನು ಅವನು. ಮೇಷ್ಟ್ರು, "ನೀನು ಬರಿ, ಅವನು ಜೋಡಿಸಲಿ" ಅನ್ನುತ್ತಿದ್ದರು. ಪರೀಕ್ಷೆಯಲ್ಲಿ ಅವನಿಗೆ ಗಣಿತ ಕೈಕೊಟ್ಟಿತು. ಪೂರಕ ಪರೀಕ್ಷೆಯಲ್ಲೂ ಆಗಲಿಲ್ಲ. ಮನೆಯಲ್ಲಿ ಸಾಲ ಇತ್ತು. ಚಿಕ್ಕಪ್ಪನ ಜೊತೆ ಬೆಂಗಳೂರಿಗೆ ಹೋಗಿ ಒಬ್ಬ ಮೇಸ್ತ್ರಿಯ ಕೈಕೆಳಗೆ ಹೆಲ್ಪರ್ ಆಗಿ ಸೇರಿಕೊಂಡ. ಮೊದಲ ಎರಡು ವರ್ಷ ಬರೀ ಗೋಡೆ ಕೊರೆಯುವುದು, ಪೈಪ್ ಹೊರುವುದು, ಟೀ ತರುವುದು. ಆಮೇಲೆ ತಂತಿ ಎಳೆಯುವುದು. ಐದನೇ ವರ್ಷಕ್ಕೆ ಡಿಬಿ ಬಾಕ್ಸ್ ಒಬ್ಬನೇ ಕಟ್ಟುವಷ್ಟು ಕಲಿತ. ಹೇಳಿಕೊಟ್ಟವರು ಯಾರೂ ಇಲ್ಲ. ನೋಡಿ ಕಲಿತದ್ದು, ಬೈಸಿಕೊಂಡು ಕಲಿತದ್ದು, ಶಾಕ್ ಹೊಡೆಸಿಕೊಂಡು ಕಲಿತದ್ದು.

2017ರಲ್ಲಿ ನಾನು ಊರಿನಲ್ಲಿ ಅಪ್ಪ ಅಮ್ಮನಿಗೆ ಮನೆ ಕಟ್ಟಿಸಿದೆ. ವೈರಿಂಗ್ ಅವನೇ ಮಾಡಬೇಕು ಅಂತ ಬೆಂಗಳೂರಿನಿಂದ ಕರೆಸಿದೆ. ಒಂದು ತಿಂಗಳು ನಮ್ಮ ಮನೆಯಲ್ಲೇ ಉಂಡು ಮಲಗಿ ಕೆಲಸ ಮಾಡಿದ. ಎಲ್ಲಾ ಪಾಯಿಂಟಿಗೂ ಹಸಿರು ತಂತಿ ಎಳೆದ. "ಲೈಟಿಗೆ ಯಾಕೋ ಅರ್ಥು?" ಅಂತ ನಾನು ಕೇಳಿದರೆ, "ದುಡ್ಡು ನಿಂದು, ಹೆಸರು ನಂದು, ಸುಮ್ನಿರು" ಅಂದ. ಹಿತ್ತಲಲ್ಲಿ ಗುಂಡಿ ತೋಡಿಸಿ, ಪೈಪ್ ಇಳಿಸಿ, ಉಪ್ಪು ಇದ್ದಿಲು ತುಂಬಿಸಿ ಅರ್ಥಿಂಗ್ ಮಾಡಿದ. ಅಂಥ ಅಚ್ಚುಕಟ್ಟು ಕೆಲಸ.

ಕರೆಂಟ್ ಸಂಪರ್ಕಕ್ಕೆ ಅರ್ಜಿ ಹಾಕುವ ದಿನ ಬಂತು. ಅಲ್ಲಿ ನನಗೆ ಗೊತ್ತಾದದ್ದು, ವೈರಿಂಗ್ ಕೆಲಸ ಸರಿಯಾಗಿ ಮುಗಿದಿದೆ ಎಂಬ ವರದಿಗೆ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರ ಸಹಿ ಬೇಕು ಅಂತ. ನನ್ನ ಗೆಳೆಯನಿಗೆ ಪರವಾನಗಿ ಇರಲಿಲ್ಲ. ಯಾರೋ ಒಬ್ಬರ ನಂಬರ್ ಸಿಕ್ಕಿತು. ಅವರು ನಮ್ಮ ಮನೆಯ ಬಾಗಿಲಿಗೂ ಬರಲಿಲ್ಲ. ಒಂದು ಮೀಟರ್ ತಂದು ಅರ್ಥಿಂಗ್ ಪರೀಕ್ಷೆ ಮಾಡಲಿಲ್ಲ. ಹೋಟೆಲಿನಲ್ಲಿ ಕೂತು ಫಾರಂ ಮೇಲೆ ಸಹಿ ಹಾಕಿ ದುಡ್ಡು ತೆಗೆದುಕೊಂಡು ಹೋದರು. ದುಡ್ಡು ಕೊಟ್ಟವನು ನಾನು. ತಪ್ಪು ಅವರದ್ದಷ್ಟೇ ಅಲ್ಲ, ನನ್ನದೂ ಹೌದು ಅಂತ ಇವತ್ತು ನಿಮ್ಮೆಲ್ಲರ ಮುಂದೆ ಒಪ್ಪಿಕೊಳ್ಳುತ್ತೇನೆ. ಹೊರಗೆ ಬೈಕಿನ ಹತ್ತಿರ ನಿಂತಿದ್ದ ನನ್ನ ಗೆಳೆಯ ಒಂದೇ ಮಾತು ಹೇಳಿದ: "ನೋಡೋ, ಕೆಲಸ ಬರೋನಿಗೆ ಕಾಗದ ಇಲ್ಲ. ಕಾಗದ ಇರೋನು ಕೆಲಸ ನೋಡೋದಿಲ್ಲ."

ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನಿಯಮ ಏನು ಹೇಳುತ್ತದೆ ಅಂತ ಓದಲು ಶುರು ಮಾಡಿದೆ.

ನಿಯಮ ಹೊಸದೇನಲ್ಲ, ನಮ್ಮ ಶಾಲೆಗಿಂತ ಹಳೆಯದು. 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳಲ್ಲಿ 45ನೇ ನಿಯಮವಾಗಿ ಇತ್ತು. ಆಮೇಲೆ ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಬಂಧನೆಗಳಲ್ಲಿ ಬಂತು. ಈಗ 2023ರ ನಿಬಂಧನೆಗಳು ಅದರ ಜಾಗದಲ್ಲಿವೆ. ಸಾರಾಂಶ ಇಷ್ಟು: ಮನೆಯಲ್ಲಾಗಲಿ ಅಂಗಡಿಯಲ್ಲಾಗಲಿ ಹೊಸ ವೈರಿಂಗ್, ಇರುವ ವೈರಿಂಗಿಗೆ ಸೇರ್ಪಡೆ, ಬದಲಾವಣೆ, ರಿಪೇರಿ ಮಾಡಬೇಕಾದರೆ ಮೂರು ಕಾಗದ ಬೇಕು. ಒಂದು, ಕೆಲಸ ಒಪ್ಪಿಕೊಂಡವರಿಗೆ ರಾಜ್ಯ ಸರ್ಕಾರದ ವಿದ್ಯುತ್ ಗುತ್ತಿಗೆದಾರ ಪರವಾನಗಿ. ಎರಡು, ಮೇಲ್ವಿಚಾರಣೆ ಮಾಡುವವರಿಗೆ ಸೂಪರ್‌ವೈಸರ್ ಸಾಮರ್ಥ್ಯ ಪ್ರಮಾಣಪತ್ರ. ಮೂರು, ತಂತಿ ಮುಟ್ಟುವವರಿಗೆ ವೈರ್‌ಮನ್ ಪರ್ಮಿಟ್. ನಮ್ಮ ರಾಜ್ಯದಲ್ಲಿ ಇವುಗಳನ್ನು ನೋಡಿಕೊಳ್ಳುವುದು ವಿದ್ಯುತ್ ಪರಿವೀಕ್ಷಣಾಲಯ. ಬಲ್ಬ್ ಬದಲಿಸುವುದು, ಫ್ಯಾನ್ ಬದಲಿಸುವುದು, ಫ್ಯೂಸ್ ಹಾಕುವುದು, ಕೆಟ್ಟ ಸ್ವಿಚ್ ತೆಗೆದು ಅಂಥದ್ದೇ ಸ್ವಿಚ್ ಹಾಕುವುದು, ಇವಕ್ಕೆ ವಿನಾಯಿತಿ ಇದೆ. ಅಂದರೆ ವೈರಿಂಗಿನ ಸಾಮರ್ಥ್ಯ, ಸ್ವರೂಪ ಬದಲಾಗದ ಕೆಲಸಕ್ಕೆ ಕಾಗದ ಬೇಡ. ಮಿಕ್ಕ ಎಲ್ಲಕ್ಕೂ ಬೇಕು.

"ಇದೆಲ್ಲ ಸರ್ಕಾರದ ತಾಪತ್ರಯ" ಅಂತ ನಮ್ಮಲ್ಲಿ ಹಲವರು ಅಂದುಕೊಳ್ಳುತ್ತೇವೆ. ನಾನೂ ಹಾಗೇ ಅಂದುಕೊಂಡಿದ್ದೆ, 2019ರಲ್ಲಿ ಒಂದು ಘಟನೆ ನಡೆಯುವವರೆಗೆ.

ಆ ಹೊತ್ತಿಗೆ ನನ್ನ ಗೆಳೆಯನೇ ಮೇಸ್ತ್ರಿಯಾಗಿ ಮೂರು ಹುಡುಗರನ್ನು ಇಟ್ಟುಕೊಂಡಿದ್ದ. ಅದರಲ್ಲಿ ಒಬ್ಬ ನಮ್ಮ ಪಕ್ಕದ ಊರಿನವನು. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವನು, ಆಗ 19 ವರ್ಷ. ಒಬ್ಬ ದೊಡ್ಡ ಗುತ್ತಿಗೆದಾರರ ಸೈಟಿನಲ್ಲಿ ಇವರು ಒಳಗುತ್ತಿಗೆ ಕೆಲಸ ಮಾಡುತ್ತಿದ್ದರು. ಮಳೆ ಬಂದು ನೆಲ ಒದ್ದೆ. ಹುಡುಗ ಏಣಿ ಹತ್ತಿ ಡ್ರಿಲ್ಲಿಂಗ್ ಮೆಷಿನ್ ಹಿಡಿದಿದ್ದ. ಮೆಷಿನ್ನಿನ ಪ್ಲಗ್ಗಿನ ಅರ್ಥ್ ಪಿನ್ ಮುರಿದುಹೋಗಿತ್ತು. ಸೈಟಿನ ತಾತ್ಕಾಲಿಕ ಬೋರ್ಡಿನಲ್ಲಿ ಆರ್‌ಸಿಸಿಬಿ ಇರಲಿಲ್ಲ. ಶಾಕ್ ಹೊಡೆದು ಏಣಿಯಿಂದ ಬಿದ್ದ. ಜೀವ ಉಳಿಯಿತು. ಬಲಗೈ ಮಣಿಕಟ್ಟು ಮುರಿದು, ಎರಡು ಬೆರಳು ಇವತ್ತಿಗೂ ಸರಿಯಾಗಿ ಮಡಚುವುದಿಲ್ಲ.

ಇಲ್ಲಿ ಮಕ್ಕಳಿಗೆ ಒಂದು ಲೆಕ್ಕ ಹೇಳುತ್ತೇನೆ. ಮೇಷ್ಟ್ರು ಕಲಿಸಿದ ಓಮ್‌ನ ನಿಯಮ ನೆನಪಿದೆಯಲ್ಲ? ವಿದ್ಯುತ್ ಪ್ರವಾಹ ಎಂದರೆ ವೋಲ್ಟೇಜನ್ನು ರೋಧದಿಂದ ಭಾಗಿಸಿದರೆ ಬರುವುದು. ನಮ್ಮ ಮನೆಯ ವೋಲ್ಟೇಜ್ 230. ಒದ್ದೆ ಮೈಯ ರೋಧ ಸುಮಾರು 1,000 ಓಮ್ ಅಂತ ಇಟ್ಟುಕೊಳ್ಳಿ. ಭಾಗಿಸಿದರೆ 0.23 ಆಂಪಿಯರ್, ಅಂದರೆ 230 ಮಿಲಿ ಆಂಪಿಯರ್. ಹೃದಯದ ಬಡಿತ ತಪ್ಪಿಸಲು ಇದು ಧಾರಾಳವಾಗಿ ಸಾಕು. ಆದರೆ ಬೋರ್ಡಿನಲ್ಲಿರುವ ಎಂಸಿಬಿ ಎಷ್ಟರದು? 6 ಆಂಪಿಯರ್, 16 ಆಂಪಿಯರ್. ಕಾಲು ಆಂಪಿಯರ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಎಂಸಿಬಿ ಇರುವುದು ತಂತಿ ಸುಡದಂತೆ ಕಾಯಲು, ಮನುಷ್ಯನನ್ನು ಕಾಯಲು ಅಲ್ಲ. ಮನುಷ್ಯನನ್ನು ಕಾಯುವುದು ಅರ್ಥಿಂಗ್ ಮತ್ತು ಆರ್‌ಸಿಸಿಬಿ. ಹೋದ ಕರೆಂಟಿಗೂ ವಾಪಸ್ ಬಂದ ಕರೆಂಟಿಗೂ 30 ಮಿಲಿ ಆಂಪಿಯರ್ ವ್ಯತ್ಯಾಸ ಬಂದರೆ ಸಾಕು, ಆರ್‌ಸಿಸಿಬಿ ಕಣ್ಣು ಮಿಟುಕಿಸುವುದರೊಳಗೆ ಬಿದ್ದುಬಿಡುತ್ತದೆ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥ್ ಪಿನ್ ಮಾತ್ರ ಯಾಕೆ ಉದ್ದ ಅಂತ ಯಾವತ್ತಾದರೂ ಯೋಚಿಸಿದ್ದೀರಾ? ಪ್ಲಗ್ ಹಾಕುವಾಗ ಅದು ಎಲ್ಲಕ್ಕಿಂತ ಮೊದಲು ತಾಗಬೇಕು, ತೆಗೆಯುವಾಗ ಎಲ್ಲಕ್ಕಿಂತ ಕೊನೆಗೆ ಬಿಡಬೇಕು ಅಂತ. ಆ ಉದ್ದದ ಪಿನ್ ಮುರಿದರೆ "ಎರಡು ಪಿನ್ನಲ್ಲೂ ಓಡುತ್ತೆ ಬಿಡು" ಅನ್ನುತ್ತೇವೆ. ಓಡುತ್ತದೆ ನಿಜ. ಆ ಹುಡುಗ ಬಿದ್ದದ್ದು ಓಡುತ್ತಿದ್ದ ಮೆಷಿನ್ನಿನಿಂದಲೇ.

ಇನ್ನು ಪರಿಹಾರದ ಮಾತು. ಕೆಲಸ ಮಾಡುವಾಗ ಗಾಯವಾದರೆ ಪರಿಹಾರ ಪಡೆಯುವ ಹಕ್ಕು ಈ ದೇಶದಲ್ಲಿ 1923ರ ಕಾನೂನಿನಿಂದಲೇ ಇದೆ. ಕಟ್ಟಡ ಕಾರ್ಮಿಕನಿಗೂ ಇದೆ. ಆದರೆ ಆ ಸೈಟಿನವರು, "ಈ ಹುಡುಗ ನಮ್ಮವನಲ್ಲ" ಅಂದರು. ಅವನು ಅಲ್ಲಿ ಕೆಲಸ ಮಾಡುತ್ತಿದ್ದ ಅನ್ನುವುದಕ್ಕೆ ಹಾಜರಿ ಇಲ್ಲ, ಒಪ್ಪಂದ ಇಲ್ಲ, ಗುರುತಿನ ಚೀಟಿ ಇಲ್ಲ. ವಾರದ ಕೂಲಿ ಕೈಗೇ ಕೊಡುತ್ತಿದ್ದರು. ಹಕ್ಕು ಇತ್ತು, ತೋರಿಸಲು ಕಾಗದ ಇರಲಿಲ್ಲ. ಆಸ್ಪತ್ರೆಯ ಖರ್ಚನ್ನು ನನ್ನ ಗೆಳೆಯ ತನ್ನ ಹೆಂಡತಿಯ ಬಳೆ ಅಡವಿಟ್ಟು ಕಟ್ಟಿದ. "ನಾನು ಕಲಿತ ಹಾಗೇ ಅವನಿಗೂ ಕಲಿಸ್ದೆ ಕಣೋ, ನನಗೆ ಆಗದೇ ಇದ್ದದ್ದು ಅವನಿಗಾಯ್ತು" ಅಂತ ಫೋನಿನಲ್ಲಿ ಅತ್ತ.

ಅವತ್ತು ನಾನು ಅವನ ಜೊತೆ ಕೂತು ಒಂದು ಲೆಕ್ಕ ಹಾಕಿದೆ. ನಮ್ಮ ಮನೆಯ ಕೆಲಸ ಮಾಡುವ ಹೊತ್ತಿಗೆ ಅವನು ಈ ಕಸುಬಿಗೆ ಬಂದು 12 ವರ್ಷ. ವರ್ಷಕ್ಕೆ 300 ದಿನ, ದಿನಕ್ಕೆ 8 ಗಂಟೆ ಅಂದರೆ 28,800 ಗಂಟೆ. ಅದರ ಹಿಂದಿನ ವರ್ಷ ಕಂಪನಿಯ ಕೆಲಸದ ಮೇಲೆ ನಾನು ಕ್ಯಾಲಿಫೋರ್ನಿಯಾದಲ್ಲಿ ಆರು ತಿಂಗಳು ಇದ್ದೆ. ಅಲ್ಲಿ ಆಫೀಸಿಗೆ ರಿಪೇರಿಗೆ ಬಂದ ಎಲೆಕ್ಟ್ರಿಷಿಯನ್ ಒಬ್ಬರ ಕೊರಳಲ್ಲಿ ರಾಜ್ಯ ಸರ್ಕಾರದ ಕಾರ್ಡ್ ನೇತಾಡುತ್ತಿತ್ತು. ಜೊತೆಗೆ ಕಲಿಯುವ ಹುಡುಗ ಒಬ್ಬನಿದ್ದ, ಅವನಿಗೂ ಬೇರೆ ಕಾರ್ಡ್. ಕೇಳಿದಾಗ ತಿಳಿಯಿತು: ಅಲ್ಲಿ ಗುತ್ತಿಗೆದಾರರ ಕೈಕೆಳಗೆ ಜನರಲ್ ಎಲೆಕ್ಟ್ರಿಷಿಯನ್ ಆಗಿ ಕೆಲಸ ಮಾಡಲು 8,000 ಗಂಟೆಗಳ ಕೆಲಸದ ಅನುಭವ ದಾಖಲಾಗಿರಬೇಕು, ಪರೀಕ್ಷೆ ಪಾಸಾಗಬೇಕು. ಕಲಿಯುವವನು ಮಾನ್ಯತೆ ಇರುವ ತರಗತಿಗೂ ಹೋಗುತ್ತಿರಬೇಕು. ಒಬ್ಬ ಎಲೆಕ್ಟ್ರಿಷಿಯನ್ ತನ್ನ ಕೈಕೆಳಗೆ ಒಬ್ಬನೇ ಕಲಿಯುವವನನ್ನು ಇಟ್ಟುಕೊಳ್ಳಬಹುದು. ಮೂರು ವರ್ಷಕ್ಕೊಮ್ಮೆ ಕಾರ್ಡ್ ನವೀಕರಿಸಲು 32 ಗಂಟೆ ಮತ್ತೆ ತರಗತಿಯಲ್ಲಿ ಕೂರಬೇಕು. ಅಲ್ಲಿನವರು ನಮಗಿಂತ ಬುದ್ಧಿವಂತರು ಅಂತ ನಾನು ಹೇಳುತ್ತಿಲ್ಲ. ಅಲ್ಲಿ 8,000 ಗಂಟೆಯಲ್ಲಿ ಪ್ರತಿ ಗಂಟೆಯೂ ಎಲ್ಲೋ ಬರೆದಿಡುತ್ತಾರೆ. ನನ್ನ ಗೆಳೆಯನ 28,800 ಗಂಟೆಯಲ್ಲಿ ಬರೆದಿಟ್ಟದ್ದು ಸೊನ್ನೆ. ವ್ಯತ್ಯಾಸ ಇಷ್ಟೇ.

ಹಾಗಾದರೆ ನಮ್ಮಲ್ಲಿ ಬರೆದಿಡುವ ವ್ಯವಸ್ಥೆ ಇಲ್ಲವೇ? ಇದೆ. 1950ರಿಂದ ಐಟಿಐಗಳ ಕುಶಲಕರ್ಮಿ ತರಬೇತಿ ಯೋಜನೆ ಇದೆ. 1961ರಿಂದ ಅಪ್ರೆಂಟಿಸ್ ಕಾಯ್ದೆ ಇದೆ. ಪೋಷಕರು ಇದನ್ನು ಸ್ವಲ್ಪ ಗಮನವಿಟ್ಟು ಕೇಳಬೇಕು.

ಐಟಿಐಯಲ್ಲಿ ಈ ಕಸುಬಿಗೆ ಸೇರಿದ ಎರಡು ಕೋರ್ಸ್‌ಗಳಿವೆ, ಎಲೆಕ್ಟ್ರಿಷಿಯನ್ ಮತ್ತು ವೈರ್‌ಮನ್. ಎರಡೂ ಎರಡು ವರ್ಷ. ಎಲೆಕ್ಟ್ರಿಷಿಯನ್‌ಗೆ ವಿಜ್ಞಾನ, ಗಣಿತ ಇದ್ದು ಹತ್ತನೇ ತರಗತಿ ಪಾಸಾಗಿರಬೇಕು. ವೈರ್‌ಮನ್‌ಗೆ ಎಂಟನೇ ತರಗತಿ ಪಾಸಾಗಿದ್ದರೂ ಸಾಕು. ಈ ಎರಡನೆಯ ಮಾತು ನಮ್ಮ ಊರುಗಳಲ್ಲಿ ಎಷ್ಟು ಜನಕ್ಕೆ ಗೊತ್ತು? ಎಸ್ಸೆಸ್ಸೆಲ್ಸಿ ಫೇಲಾದರೆ ಎಲ್ಲಾ ಬಾಗಿಲೂ ಮುಚ್ಚಿತು ಅಂತ ನನ್ನ ಗೆಳೆಯ ತಿಳಿದಿದ್ದ. ನಮ್ಮ ಮೇಷ್ಟ್ರಿಗೂ ಯಾರೂ ಹೇಳಿರಲಿಲ್ಲ, ನಮ್ಮ ಮನೆಗಳಿಗೂ ಯಾರೂ ಹೇಳಿರಲಿಲ್ಲ. ಒಂಬತ್ತಕ್ಕೆ ಶಾಲೆ ಬಿಟ್ಟಿದ್ದ ಆ ಹುಡುಗನಿಗೂ ವೈರ್‌ಮನ್ ಕೋರ್ಸಿನ ಬಾಗಿಲು ತೆರೆದೇ ಇತ್ತು. ಹೆಸರಿನಲ್ಲಿ "ಮನ್" ಇದ್ದ ಮಾತ್ರಕ್ಕೆ ಇದು ಗಂಡುಮಕ್ಕಳ ಕೋರ್ಸ್ ಅಲ್ಲ, ಹೆಣ್ಣುಮಕ್ಕಳೂ ಸೇರಬಹುದು ಎಂಬುದನ್ನೂ ಸೇರಿಸಿ ಹೇಳುತ್ತೇನೆ.

ಐಟಿಐ ಮುಗಿದ ಮೇಲೆ ಅಪ್ರೆಂಟಿಸ್ ಆಗಿ ಒಂದು ಸಂಸ್ಥೆಯಲ್ಲಿ ಒಂದು ವರ್ಷ ಕಲಿಯಬಹುದು. ಹೆಲ್ಪರ್‌ಗೂ ಅಪ್ರೆಂಟಿಸ್‌ಗೂ ಏನು ವ್ಯತ್ಯಾಸ? ಅಪ್ರೆಂಟಿಸ್‌ಗೆ ಲಿಖಿತ ಒಪ್ಪಂದ ಇರುತ್ತದೆ, ಅದು ಸರ್ಕಾರದಲ್ಲಿ ನೋಂದಣಿಯಾಗುತ್ತದೆ. ಏನು ಕಲಿಸಬೇಕು ಅಂತ ಪಠ್ಯಕ್ರಮ ಇರುತ್ತದೆ. ತಿಂಗಳಿಗೆ ಸ್ಟೈಪೆಂಡ್ ಕೊಡಲೇಬೇಕು. 2019ರ ತಿದ್ದುಪಡಿಯಲ್ಲಿ ವಿದ್ಯಾರ್ಹತೆಗೆ ತಕ್ಕಂತೆ 5,000ದಿಂದ 9,000 ರೂಪಾಯಿವರೆಗೆ ಕನಿಷ್ಠ ಸ್ಟೈಪೆಂಡ್ ನಿಗದಿ ಮಾಡಿದರು. ಕಲಿಯುವಾಗ ಗಾಯವಾದರೆ ಮಾಲೀಕರು ಪರಿಹಾರ ಕೊಡಬೇಕು ಅಂತ ಕಾಯ್ದೆಯಲ್ಲೇ ಬರೆದಿದೆ. ಅವಧಿ ಮುಗಿದ ಮೇಲೆ ಪರೀಕ್ಷೆ ಪಾಸಾದರೆ ದೇಶದಲ್ಲೆಲ್ಲ ನಡೆಯುವ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ ಸಿಗುತ್ತದೆ.

ಎಲ್ಲವೂ ಸಿಹಿ ಅಂತ ನಾನು ಹೇಳುವುದಿಲ್ಲ. ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ಎಂದರೆ ಕಲಿಯುವವನು, ಕಾರ್ಮಿಕನಲ್ಲ. ಅವಧಿ ಮುಗಿದ ಮೇಲೆ ಅಲ್ಲೇ ಕೆಲಸ ಕೊಡಬೇಕೆಂಬ ಕಡ್ಡಾಯ ಇಲ್ಲ. ಸ್ಟೈಪೆಂಡ್ ದುಡ್ಡು ಬೆಂಗಳೂರಿನಲ್ಲಿ ರೂಮ್ ಬಾಡಿಗೆಗೂ ಊಟಕ್ಕೂ ಸಾಲುವುದು ಕಷ್ಟ. ಹೆಲ್ಪರ್ ಆಗಿ ಹೋದರೆ ದಿನಗೂಲಿ ಅದಕ್ಕಿಂತ ಜಾಸ್ತಿ ಸಿಗುತ್ತದೆ. ಸಾಲ ಇರುವ ಮನೆಯ ಹುಡುಗ ಯಾವುದನ್ನು ಆರಿಸಿಕೊಳ್ಳುತ್ತಾನೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಇನ್ನೂ ಒಂದು ದೊಡ್ಡ ತೊಡಕಿದೆ. 30 ಅಥವಾ ಹೆಚ್ಚು ಜನ ಇರುವ ಸಂಸ್ಥೆಗಳು ತಮ್ಮ ಜನಬಲದ ನೂರಕ್ಕೆ ಎರಡೂವರೆಯಿಂದ ಹದಿನೈದರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ನಾಲ್ಕರಿಂದ ಇಪ್ಪತ್ತೊಂಬತ್ತು ಜನ ಇದ್ದರೆ ಅವರ ಇಷ್ಟ. ಆದರೆ ಕಟ್ಟಡದ ವೈರಿಂಗ್ ಕಲಿಯುವುದು ಎಲ್ಲಿ? ನನ್ನ ಗೆಳೆಯನಂಥ ಮೇಸ್ತ್ರಿಯ ಹತ್ತಿರ. ಅವನ ಹತ್ತಿರ ಇರುವುದು ಮೂರು ಜನ. ಅಂದರೆ ಕಾನೂನು ಇರುವ ಜಾಗದಲ್ಲಿ ನಮ್ಮ ಹುಡುಗರು ಕಲಿಯುತ್ತಿಲ್ಲ, ನಮ್ಮ ಹುಡುಗರು ಕಲಿಯುವ ಜಾಗಕ್ಕೆ ಕಾನೂನು ತಲುಪುತ್ತಿಲ್ಲ. ಇದನ್ನು ಸರಿ ಮಾಡಬೇಕಾದವರು ಸರ್ಕಾರದವರು. ಸಣ್ಣ ಮೇಸ್ತ್ರಿಗಳು ನಾಲ್ಕೈದು ಜನ ಸೇರಿ ಒಟ್ಟಾಗಿ ಅಪ್ರೆಂಟಿಸ್ ಇಟ್ಟುಕೊಳ್ಳುವಂತೆ, ದೊಡ್ಡ ಸೈಟಿನವರು ಒಳಗುತ್ತಿಗೆಯ ಹುಡುಗರ ಹೆಸರನ್ನೂ ಬರೆದಿಡುವಂತೆ ಮಾಡಬೇಕು ಎಂಬುದು ನನ್ನ ಅಭಿಪ್ರಾಯ.

ಆಗಲೇ ಕೆಲಸ ಕಲಿತಿರುವವರು ಏನು ಮಾಡಬೇಕು? ಪೂರ್ವ ಕಲಿಕೆಯ ಮಾನ್ಯತೆ, ಆರ್‌ಪಿಎಲ್ ಅಂತ ಒಂದು ವ್ಯವಸ್ಥೆ ಇದೆ. ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಬಂದದ್ದು. ಕೆಲಸ ಬಲ್ಲವರಿಗೆ ಕೆಲವು ದಿನದ ತಿಳಿವಳಿಕೆ ಕೊಟ್ಟು, ಪರೀಕ್ಷಿಸಿ, ಪ್ರಮಾಣಪತ್ರ ಕೊಡುತ್ತಾರೆ. ಒಳ್ಳೆಯದೇ. ಆದರೆ ಒಂದು ಎಚ್ಚರಿಕೆ: ಕೌಶಲದ ಪ್ರಮಾಣಪತ್ರ ಬೇರೆ, ವೈರ್‌ಮನ್ ಪರ್ಮಿಟ್ ಬೇರೆ. ಮೊದಲನೆಯದು "ಇವನಿಗೆ ಕೆಲಸ ಗೊತ್ತು" ಅನ್ನುತ್ತದೆ. ಎರಡನೆಯದು "ಇವನು ಈ ಕೆಲಸ ಮಾಡಬಹುದು" ಅನ್ನುತ್ತದೆ. ಮಧ್ಯವರ್ತಿಗಳು ಎರಡೂ ಒಂದೇ ಅಂತ ಹೇಳಿ ದುಡ್ಡು ಕೇಳುತ್ತಾರೆ. ನಂಬಬೇಡಿ. ಪರ್ಮಿಟ್ಟಿಗೆ ಏನು ಅರ್ಹತೆ, ಎಷ್ಟು ಶುಲ್ಕ ಎಂಬುದನ್ನು ವಿದ್ಯುತ್ ಪರಿವೀಕ್ಷಣಾಲಯದ ಕಚೇರಿಯಲ್ಲೇ ಕೇಳಿ.

ಇನ್ನೊಂದು ಕಾಗದ, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಗುರುತಿನ ಚೀಟಿ. 18ರಿಂದ 60 ವರ್ಷದೊಳಗಿನವರು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ನೋಂದಣಿ ಮಾಡಿಸಬಹುದು. ಗಾರೆಯವರಿಗೆ ಮಾತ್ರ ಅಂತ ಕೆಲವರು ತಿಳಿದಿದ್ದಾರೆ, ಎಲೆಕ್ಟ್ರಿಷಿಯನ್‌ಗಳಿಗೂ ಉಂಟು. ಅಪಘಾತಕ್ಕೆ ನೆರವು, ಮಕ್ಕಳ ಓದಿಗೆ ನೆರವು, 60 ಆದ ಮೇಲೆ ಪಿಂಚಣಿ ಇದೆ. ಕಟ್ಟಡ ಕಟ್ಟುವವರಿಂದ ವೆಚ್ಚದ ನೂರಕ್ಕೆ ಒಂದರಂತೆ ಸೆಸ್ ಸಂಗ್ರಹಿಸಿ ನಡೆಸುವ ನಿಧಿ ಅದು. ಯಾರ ದಾನವೂ ಅಲ್ಲ. ಆ ಹುಡುಗನಿಗೆ 19 ತುಂಬಿತ್ತು, ವರ್ಷವಿಡೀ ಕೆಲಸ ಮಾಡಿದ್ದ, ಅರ್ಹನಾಗಿದ್ದ. ಅರ್ಜಿ ಹಾಕಿರಲಿಲ್ಲ, ಅಷ್ಟೇ.

"ಕಾಗದ ಇದ್ದರೆ ಕೆಲಸ ಬಂದಂತಾಯಿತೇ?" ಅಂತ ನೀವು ಕೇಳಬಹುದು. ಇಲ್ಲ. ಹೋಟೆಲಿನಲ್ಲಿ ಕೂತು ಸಹಿ ಹಾಕಿದವರ ಹತ್ತಿರವೂ ಕಾಗದ ಇತ್ತು. ಕಾಗದ ಮಾತ್ರ ಇದ್ದರೆ ಸಾಲದು, ಕೈಯೂ ಬೇಕು, ಕಣ್ಣೂ ಬೇಕು. ಆದರೆ ಕೈ ಕಣ್ಣು ಎರಡೂ ಇರುವವನ ಹತ್ತಿರ ಕಾಗದ ಇಲ್ಲದಿದ್ದರೆ ಅವನು ಜೀವನವಿಡೀ ಬೇರೆಯವರ ಸಹಿಯ ಕೆಳಗೆ ಕೆಲಸ ಮಾಡಬೇಕಾಗುತ್ತದೆ. ನನ್ನ ಕಸುಬಿನಲ್ಲಿ ಯಾವ ಪರವಾನಗಿಯೂ ಬೇಡ. ನಾನು ಬರೆದ ಪ್ರೋಗ್ರಾಮ್ ತಪ್ಪಾದರೆ ರಾತ್ರಿ ಕೂತು ಹಿಂದಿನದನ್ನೇ ವಾಪಸ್ ಹಾಕುತ್ತೇನೆ, ಬೆಳಗ್ಗೆ ಹೊತ್ತಿಗೆ ಸರಿ. ಗೋಡೆಯೊಳಗೆ ಪ್ಲಾಸ್ಟರ್ ಅಡಿ ಹೋದ ತಂತಿ ಇಪ್ಪತ್ತು ವರ್ಷ ಅಲ್ಲೇ ಇರುತ್ತದೆ. ಅದರ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ, ಯಾರದೋ ಮಗು ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟುವವರೆಗೆ. ಅಂಥ ಕೆಲಸಕ್ಕೆ ಗೌರವವೂ ಬೇಕು, ಜವಾಬ್ದಾರಿಯೂ ಬೇಕು. ಪರ್ಮಿಟ್ ಎಂದರೆ ಎರಡೂ.

ಮನೆ ಕಟ್ಟಿಸುವ ನನ್ನ ಊರಿನವರಿಗೆ ಒಂದು ಮನವಿ. ವೈರಿಂಗ್ ಕೊಡುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ನಿಮ್ಮಲ್ಲಿ ಪರ್ಮಿಟ್ ಯಾರಿಗಿದೆ? ಸಹಿ ಹಾಕುವ ಗುತ್ತಿಗೆದಾರರು ಪ್ಲಾಸ್ಟರ್ ಆಗುವ ಮೊದಲೊಮ್ಮೆ, ಕೆಲಸ ಮುಗಿದ ಮೇಲೊಮ್ಮೆ ಮನೆಗೆ ಬಂದು ನೋಡುತ್ತಾರಾ? ಅರ್ಥಿಂಗ್ ಅಳತೆ ಮಾಡಿ ತೋರಿಸುತ್ತೀರಾ? ಆರ್‌ಸಿಸಿಬಿ ಹಾಕುತ್ತೀರಾ? ಇಷ್ಟು ಕೇಳಿದರೆ ಅರ್ಧ ಕೆಲಸ ಸರಿಯಾಗುತ್ತದೆ. ಆರ್‌ಸಿಸಿಬಿ ಹಾಕಿಸಿಕೊಂಡವರು ತಿಂಗಳಿಗೊಮ್ಮೆ ಅದರ ಮೇಲಿರುವ ಟೆಸ್ಟ್ ಬಟನ್ ಒತ್ತಿ ನೋಡಿ. ಬೀಳದಿದ್ದರೆ ಅದು ಕೆಟ್ಟಿದೆ ಅಂತ ಅರ್ಥ. ಟೈಲ್ಸ್‌ಗೆ ಲಕ್ಷಗಟ್ಟಲೆ ಹಾಕುತ್ತೇವೆ, ಆರ್‌ಸಿಸಿಬಿಗೆ ಚೌಕಾಸಿ ಮಾಡುತ್ತೇವೆ.

ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಮೂರು ಸಲಹೆ. ಮೊದಲನೆಯದು, ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಲ್ಲಿ ಶಾಲೆಯಲ್ಲಿ ಒಂದು ದಿನ ಕೂರೋಣ. ಪಾಸಾದವರಿಗಿಂತ ಮೊದಲು ಫೇಲಾದವರ ಮನೆಗೆ ಹೋಗಿ ಕರೆತರೋಣ. ಐಟಿಐ ಅರ್ಜಿ, ಅಪ್ರೆಂಟಿಸ್‌ಶಿಪ್ ಪೋರ್ಟಲ್ ನೋಂದಣಿ ಅಲ್ಲೇ ಮಾಡಿಸೋಣ. ಲ್ಯಾಪ್‌ಟಾಪ್ ತರುವ ಜವಾಬ್ದಾರಿ ನನ್ನದು. ಎರಡನೆಯದು, ಕಟ್ಟಡ ಕೆಲಸದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳ ಪಟ್ಟಿ ಮಾಡಿ, ಕಲ್ಯಾಣ ಮಂಡಳಿಯ ಚೀಟಿ ಇಲ್ಲದವರಿಗೆ ಮಾಡಿಸೋಣ. ಮೂರನೆಯದು, ಈ ಶಾಲೆಯ ವೈರಿಂಗ್. ನಮ್ಮ ಕಾಲದ ಅದೇ ಮರದ ಬೋರ್ಡು ಎಂಟನೇ ತರಗತಿ ಕೋಣೆಯಲ್ಲಿ ಇನ್ನೂ ಇದೆ, ನಿನ್ನೆ ನೋಡಿದೆ. ಮುಖ್ಯೋಪಾಧ್ಯಾಯರು ಇಲಾಖೆಯ ಅನುಮತಿ ಪಡೆದರೆ, 2004ನೇ ಬ್ಯಾಚಿನವರಾದ ನಾವು ಖರ್ಚು ಹಾಕಿಕೊಂಡು ಪರವಾನಗಿ ಇರುವವರಿಂದ ಪೂರ್ತಿ ಪರೀಕ್ಷೆ ಮಾಡಿಸಿ, ಹೊಸ ವೈರಿಂಗ್ ಮಾಡಿಸಿಕೊಡುತ್ತೇವೆ.

ಕೊನೆಯದಾಗಿ ನನ್ನ ಗೆಳೆಯನ ವಿಷಯ. ಹೋದ ವರ್ಷ ಅವನು ಗಣಿತದ ಪರೀಕ್ಷೆಗೆ ಮತ್ತೆ ಕೂತ. ಏಳನೇ ತರಗತಿಯಲ್ಲಿ ಓದುವ ಮಗಳು ಅವನಿಗೆ ಪಾಠ ಹೇಳಿದಳು. ಪಾಸಾದ. ಈಗ ಪರವಾನಗಿ ಇರುವ ಗುತ್ತಿಗೆದಾರರೊಬ್ಬರ ಜೊತೆ ಹೆಸರು ಬರೆಸಿ, ಹಾಜರಿ ಹಾಕಿಸಿಕೊಂಡು ಕೆಲಸ ಮಾಡುತ್ತಿದ್ದಾನೆ. ವೈರ್‌ಮನ್ ಪರ್ಮಿಟ್ಟಿಗೆ ಓದುತ್ತಿದ್ದಾನೆ. ಏಣಿಯಿಂದ ಬಿದ್ದ ಹುಡುಗನಿಗೆ ಭಾರದ ಕೆಲಸ ಆಗುವುದಿಲ್ಲ, ಆದರೆ ಡಿಬಿ ಕಟ್ಟುತ್ತಾನೆ, ಅಳತೆ ಪರೀಕ್ಷೆ ಮಾಡುತ್ತಾನೆ. ಅವನನ್ನು ಇವನೇ ಕರೆದುಕೊಂಡು ಹೋಗಿ ಐಟಿಐಯ ವೈರ್‌ಮನ್ ಕೋರ್ಸಿಗೆ ಸೇರಿಸಿದ್ದಾನೆ. ಈಗ ಇವನ ಹತ್ತಿರ ಬಂದ ಹೊಸ ಹುಡುಗನಿಗೆ ಮೊದಲ ದಿನವೇ ಒಂದು ನೋಟ್‌ಬುಕ್ ಕೊಟ್ಟಿದ್ದಾನಂತೆ. ಇವತ್ತು ಎಷ್ಟು ಗಂಟೆ ಕೆಲಸ, ಏನು ಕಲಿತೆ ಅಂತ ದಿನಾ ಬರೆಯಬೇಕು, ಸಂಜೆ ಇವನು ಸಹಿ ಹಾಕುತ್ತಾನೆ. "ಅದಕ್ಕೆ ಕಾನೂನಿನಲ್ಲಿ ಬೆಲೆ ಇದೆಯೋ ಇಲ್ಲವೋ ಗೊತ್ತಿಲ್ಲ ಕಣೋ, ನನ್ನ ಸಹಿಗೆ ನನ್ನ ಹತ್ತಿರ ಬೆಲೆ ಇದೆ" ಅಂದ.

ಅವತ್ತು ಮೇಷ್ಟ್ರು, "ನೀನು ಬರಿ, ಅವನು ಜೋಡಿಸಲಿ" ಅಂದಿದ್ದರು. ಇಪ್ಪತ್ತು ವರ್ಷ ಅವನು ಜೋಡಿಸುತ್ತಲೇ ಬಂದ. ಈಗ ಅವನೂ ಬರೆಯುತ್ತಿದ್ದಾನೆ. ಮೇಷ್ಟ್ರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ, ಅವರ ಎದುರಿಗೆ ಇದನ್ನು ಹೇಳುವ ಅವಕಾಶ ಸಿಕ್ಕಿದ್ದು ನನ್ನ ಭಾಗ್ಯ.

 ನಮ್ಮ ಶಾಲೆ ನೂರು ವರ್ಷ ಬಾಳಲಿ. ಜೈ ಹಿಂದ್, ಜೈ ಕರ್ನಾಟಕ.